ಜಗಳ ಕಿತ್ತುಹಾಕಿದ ಆಟ

ಕೆಟ್ಟದ್ದನ್ನು ಸರಿ ಮಾಡಲು ಹೋಗಿ ಮನೆ ಹಾಳು ಮಾಡಿಕೊಂಡವರನ್ನು ನೀವು ನೋಡಿರಬಹುದು. ಇಂದಿರಾನಗರದ ಮುನಿರಾಜ್ ಆ ಜಾತಿಯವನು. ಅಪ್ಪನ ಮನೆಯ ಮಹಡಿಯಲ್ಲಿ ಕೂತು ಅವನು ಹೊರತಂದ ‘ಗಲ್ಲಿ ಕ್ರಿಕೆಟ್’ ಎಂಬ ಕಂಪ್ಯೂಟರ್ ಆಟ 2003ರಲ್ಲಿ ಸೈಬರ್ ಕೆಫೆಗಳಿಗೆಲ್ಲ ಹುಚ್ಚು ಹಿಡಿಸಿತ್ತು. ಅದರಲ್ಲೊಂದು ದೋಷವಿತ್ತು. ಅಂಪೈರ್ ಔಟ್ ಕೊಟ್ಟಾಗ ಕೀಬೋರ್ಡನ್ನು ದಡಬಡ ಕುಟ್ಟಿದರೆ ಆ ಪುಣ್ಯಾತ್ಮ ಗಾಬರಿಯಾಗಿ ನಾಟೌಟ್ ಅಂದುಬಿಡುತ್ತಿದ್ದ! ಮಾನ ಹೋಗುತ್ತದೆಂದು ಮುನಿರಾಜ್ ಮರುವರ್ಷದ ಸಿ.ಡಿ.ಯಲ್ಲಿ ಅದನ್ನು ತಿದ್ದಿದ. ಹೊಸ ಅಂಪೈರ್ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಆಡುವವರು ಬೈದುಕೊಂಡು ಎದ್ದುಹೋದರು.

“ಯುಗಾದಿ ಒಳ್ಗೆ ನಿನ್ ಆಟದೋರು ವಾಪಸ್ ಬರ್ಲಿಲ್ಲಾಂದ್ರೆ ಮಹಡೀನ ಪಬ್ಬಿನೋರ್ಗೆ ಕೊಟ್ಬಿಡ್ತೀನಿ,” ಎಂದರು ಅಪ್ಪ ದೊಡ್ಡಮುನಿಯಪ್ಪ.

ಮುನಿರಾಜ್ ಆಡುವವರಿಗೆ ಪುಕ್ಕಟೆ ಹಂಚಲು ಟೀ ಶರ್ಟುಗಳ ಗಂಟು ಹೊತ್ತು ಮರ್ಫಿ ಟೌನಿಗೆ ಓಡಿದ. ಅಲ್ಲಿ ಸೈಬರ್ ಕೆಫೆ ನಡೆಸುವ ಬಷೀರ್ ನೊಣ ಹೊಡೆಯುತ್ತ ಕೂತಿದ್ದ.

“ಕೊಡಿ ಸಾಬ್, ಮಾನಿಟರ್ ಒರ್ಸಕ್ಕಾಯ್ತದೆ. ಆಡೋರೆಲ್ಲ ಹಿಂದ್ಗಡೆ ಗಲ್ಲೀಲಿ ಅಸಲಿ ಕ್ರಿಕೆಟ್ ಆಡ್ತಾವ್ರೆ.”

ಗಲ್ಲಿಯಲ್ಲಿ ಬ್ಯಾಟ್ ಹಿಡಿದಿದ್ದವಳು ಸೌಂದರ್ಯಾ. ಕಾಲೇಜು ಹುಡುಗಿ, ಬಷೀರನ ಕೆಫೆಯಲ್ಲಿ ಅವಳನ್ನು ಸೋಲಿಸಿದವರಿಲ್ಲ, ಹೊಸ ಸಿ.ಡಿ.ಯನ್ನು ಮೊದಲು ಬಿಸಾಡಿದವಳೂ ಅವಳೇ. ಬಂದವನು ಯಾರೆಂದು ಗೊತ್ತಾದದ್ದೇ ತಡ, “ಬನ್ನಿ ಸಾರ್, ನೀವೇ ಅಂಪೈರ್,” ಎಂದು ನಿಲ್ಲಿಸಿಬಿಟ್ಟಳು.

ಚೆಂಡು ಅವಳ ಬ್ಯಾಟಿನ ಅಂಚು ಸವರಿ ಕೀಪರ್ ಕೈ ಸೇರಿತು. ಮುನಿರಾಜ್ ಬೆರಳೆತ್ತಿದ.

“ಎಲ್ಲಿ ತಾಗ್ತು ಗುರೂ? ನಾಯಿ ಅಡ್ಡ ಬಂತು!” ಎಂದಳು ಸೌಂದರ್ಯಾ.

“ನಾಯಿ ಮಲ್ಕೊಂಡೈತೆ ಕಣೇ!” ಎಂದು ಬೌಲರ್ ಅಮೀರ್ ಕೂಗಿದ.

“ಬ್ಯಾಟ್ ನಂದು. ನಾನ್ ಹೇಳಿದ್ದೇ ಸರಿ!”

ಕಿಟಕಿಗಳಿಂದಲೂ ತೀರ್ಪುಗಳು ಸುರಿದವು. ಎಲ್ಲರೂ ಒಟ್ಟಿಗೆ ಮೈಮೇಲೆ ಬಂದಾಗ ಮುನಿರಾಜನ ಬೆರಳು ತಾನಾಗಿಯೇ ಮಡಚಿಕೊಂಡಿತು. “ನಾ... ನಾಟೌಟ್!”

ಗಲ್ಲಿ ಹೋ ಎಂದಿತು. ವಿಕೆಟ್ ಕಳೆದುಕೊಂಡ ಅಮೀರನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮುನಿರಾಜನಿಗೆ ಆಗ ಹೊಳೆಯಿತು: ಇವರಿಗೆ ಬೇಕಾದದ್ದು ನ್ಯಾಯವಲ್ಲ, ಜಗಳ! ತಾನು ಊಟ ಬಡಿಸಿ ಉಪ್ಪಿನಕಾಯಿ ಕಸಿದುಕೊಂಡಿದ್ದ. ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

“ಆ ತಪ್ಪನ್ನ ವಾಪಸ್ ಹಾಕಿದ್ರೆ ಬರ್ತೀರಾ?”

“ಅದೊಂದೇ ಸಾರ್ ಸರಿಯಾಗಿದ್ದಿದ್ದು! ಬೌಲರ್‌ಗೂ ಕುಟ್ಟಕ್ಕೆ ಬಿಡಿ. ಯಾರ್ ಜಾಸ್ತಿ ಕುಟ್ತಾರೋ ಅವ್ರ ಮಾತು,” ಎಂದಳು ಸೌಂದರ್ಯಾ.

ಹಾಗೇ ಆಯಿತು. ಯುಗಾದಿಯ ಹಿಂದಿನ ಭಾನುವಾರ ದೊಡ್ಡಮುನಿಯಪ್ಪ ಪಬ್ಬಿನವರನ್ನು ಹೊರಗೆ ಕಾರಿನಲ್ಲೇ ಕೂರಿಸಿ, ಆಡುವವರು ಬಂದರೋ ಇಲ್ಲವೋ ಕಣ್ಣಾರೆ ನೋಡಲು ಬಷೀರನ ಕೆಫೆಗೆ ನುಗ್ಗಿದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಯಾರೋ ಎಳೆದು ಸೌಂದರ್ಯಾಳ ಎದುರು ಕೂರಿಸಿದರು. ಮೂರನೇ ಚೆಂಡಿಗೆ ಔಟ್! ಮುದುಕರು ಪಂಚೆ ಮೇಲೆ ಕಟ್ಟಿ ಎರಡೂ ಕೈಯಿಂದ ಕುಟ್ಟತೊಡಗಿದರು. ಅತ್ತ ಸೌಂದರ್ಯಾ ಕುಟ್ಟಿದಳು. ಕೀಬೋರ್ಡ್ ಹೋಯಿತೆಂದು ಬಷೀರ್ ಬಾಯಿ ಬಡಿದುಕೊಂಡ, ಮುಖದ ತುಂಬ ನಗು.

“ಅಪ್ಪಾ, ಪಬ್ಬಿನೋರು ಕಾಯ್ತಾವ್ರೆ,” ಎಂದ ಮುನಿರಾಜ್.

“ಅವ್ರ್ನ ಕಳ್ಸಲೋ ಅತ್ಲಾಗೆ! ನಾನ್ ಔಟಾಗಿಲ್ಲ ಅಂತ ಮೊದ್ಲು ಹೇಳ್ಸೋ ಈ ಅಂಪೈರ್ ಕೈಲಿ!”