ಗೋಡೆಗೆ ಚೀಟಿ ಅಂಟಿಸಬಾರದು

ಪರದೇಶದ ಹೊಲಿಗೆ ಕಾರ್ಖಾನೆಯವರು ಕೆಲಸದ ಜೊತೆ ಒಂದು ಕೋಣೆಯನ್ನೂ ಕೊಡುತ್ತೇವೆ ಎಂದಿದ್ದರು. ನನಗೆ ಬೇಕಾಗಿದ್ದದ್ದು ಕೋಣೆ. ಕೆಲಸ ಇಲ್ಲೂ ಇತ್ತು. ಹನ್ನೊಂದು ವರ್ಷದಿಂದ ಅಣ್ಣನ ಮನೆಯ ಹಜಾರದ ಮೂಲೆಯಲ್ಲಿ ಕೂತು ಊರವರ ಬಟ್ಟೆ ಹೊಲಿಯುತ್ತಿದ್ದೆ. ಅವರದು ಒಂದೇ ಷರತ್ತು, ಫ್ರೆಂಚ್ ಮಾತಾಡುವ ಪರೀಕ್ಷೆಯಲ್ಲಿ ಪಾಸಾಗಬೇಕು.

ಪಾಠ ಹೇಳುವ ಮೇಡಂ ಮೊದಲ ದಿನವೇ ಉಪಾಯ ಕೊಟ್ಟರು. ಮನೆಯ ಪ್ರತಿಯೊಂದರ ಮೇಲೂ ಅದರ ಫ್ರೆಂಚ್ ಹೆಸರಿನ ಚೀಟಿ ಅಂಟಿಸಿ, ದಿನಾ ಕಣ್ಣಿಗೆ ಬಿದ್ದರೆ ತಾನಾಗಿ ಬಾಯಿಗೆ ಬರುತ್ತದೆ ಎಂದರು. ಬಾಗಿಲಿಗೆ, ಕಿಟಕಿಗೆ, ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಸಂಜೆ ಅತ್ತಿಗೆ ಎಲ್ಲವನ್ನೂ ಕಿತ್ತು, ನೀಟಾಗಿ ಮಡಿಸಿ, ನನ್ನ ಕೈಗಿಟ್ಟರು. ಅವರಿಗೆ ಸಿಟ್ಟು ಬರುವುದಿಲ್ಲ, ಬೇಜಾರಾಗುತ್ತದೆ ಅಷ್ಟೆ.

"ಬಣ್ಣ ಎದ್ದು ಬರುತ್ತೆ ಕಣಮ್ಮ. ಅಂಟಿಸೋದಾದ್ರೆ ನಿನ್ನ ಸಾಮಾನಿಗೆ ಅಂಟಿಸ್ಕೋ."

ನ್ಯಾಯವಾದ ಮಾತು. ಅಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ. ಪಾಪ, ಅವನಿಗೆ ಇಂಥ ಹೊತ್ತಲ್ಲೇ ದೇಶದ ಚಿಂತೆ. ನನ್ನ ಸಾಮಾನು ಎಂದರೆ ಹೊಲಿಗೆ ಮಷಿನ್, ಕತ್ತರಿ, ಟ್ರಂಕು, ಒಂದು ದೀಪ. ನಾಲ್ಕಕ್ಕೂ ಅಂಟಿಸಿದ ಮೇಲೂ ಬಾಟಲಿ ತುಂಬ ಅಂಟು ಉಳಿಯಿತು.

ಪುಸ್ತಕದಲ್ಲಿ 'ಶೇ ಮ್ವಾ' ಎಂದಿತ್ತು, ಅಂದರೆ ನನ್ನ ಮನೆಯಲ್ಲಿ. 'ಶೇ ಮೊಂ ಫ್ರೇರ್' ಎಂದರೆ ಅಣ್ಣನ ಮನೆಯಲ್ಲಿ. ಎರಡನೆಯದು ಬೇಗ ಬಾಯಿಪಾಠವಾಯಿತು. 'ಫೆತ್ ಕೊಮ್ ಶೇ ವೂ' ಎಂಬುದೂ ಇತ್ತು: ನಿಮ್ಮದೇ ಮನೆ ಅಂದುಕೊಳ್ಳಿ. ಆ ಜನವೂ ಅದನ್ನು ಮನೆಯವರಿಗೆ ಹೇಳುವುದಿಲ್ಲವಂತೆ, ಬಂದು ಹೋಗುವವರಿಗೆ ಮಾತ್ರ ಹೇಳುತ್ತಾರಂತೆ. ಎಲ್ಲರ ಮನೆ ದೋಸೆಯೂ ತೂತೇ ಎಂದು ಸಮಾಧಾನವಾಯಿತು.

ಪರೀಕ್ಷೆಯ ದಿನ ಕನ್ನಡಕದ ಪರೀಕ್ಷಕರು ನಿಮ್ಮ ಮನೆ ಹೇಗಿದೆ ಹೇಳಿ ಎಂದರು. ಬಾಗಿಲು, ಕಿಟಕಿ, ಅಡುಗೆಮನೆ, ಒಂದರ ಹೆಸರೂ ನೆನಪಾಗಲಿಲ್ಲ. ಅವೆಲ್ಲ ಮಡಿಸಿದ ಚೀಟಿಗಳಲ್ಲೇ ಉಳಿದಿದ್ದವು. ಗೊತ್ತಿದ್ದದ್ದನ್ನು ಹೇಳಿದೆ. ನನ್ನ ಮನೆಯಲ್ಲಿ ಒಂದು ಮಷಿನ್ ಇದೆ, ಕತ್ತರಿ ಇದೆ, ಟ್ರಂಕು ಇದೆ, ದೀಪ ಇದೆ. ಮತ್ತೇನಿದೆ ಎಂದರು. ಅಷ್ಟೆ ಎಂದೆ. ಅವರು ಒಂದೂ ತಪ್ಪಿಲ್ಲ ಎಂದು ಬರೆದುಕೊಂಡರು.

ಹೊರಡುವ ದಿನ ಅತ್ತಿಗೆಯ ಮಾತಿನಲ್ಲಿ ಜೇನು ಸುರಿಯುತ್ತಿತ್ತು. ನನ್ನ ಮೂಲೆಗೆ ಎಷ್ಟುದ್ದದ ಸೋಫಾ ಹಿಡಿಸುತ್ತದೆಂದು ನನ್ನದೇ ಟೇಪಿನಲ್ಲಿ ಅಳೆಯುತ್ತಿದ್ದರು.

"ಯಾವಾಗ ಬೇಕಾದ್ರೂ ಬಾಮ್ಮ. ನಿನ್ನದೇ ಮನೆ ಅಂದ್ಕೋ."

ಹಿರಿಯರ ಮಾತು ಮೀರಬಾರದಲ್ಲ. ಚೀಟಿಯೊಂದರ ಮೇಲೆ 'ಶೇ ಮ್ವಾ' ಎಂದು ಬರೆದೆ. ಬಾಟಲಿಯಲ್ಲಿ ಉಳಿದಿದ್ದ ಅಂಟನ್ನೆಲ್ಲ ಬಳಿದು, ಹಜಾರದ ಗೋಡೆಯ ನಟ್ಟನಡುವೆ ಅಂಗೈಯಿಂದ ಒತ್ತಿ ಹಿಡಿದು, ಒಣಗುವವರೆಗೆ ನಿಂತೆ. ಕಿತ್ತರೆ ಬಣ್ಣ ಎದ್ದು ಬರುತ್ತದೆ. ಕೀಳದಿದ್ದರೆ ಅದು ನನ್ನ ಮನೆ.