ನಡುಕೋಣೆಯ ಹಗ್ಗ

ಮೂರು ಕೋಣೆಗಳ ಹಬೆಪೆಟ್ಟಿಗೆಗಳೂ ಒಂದೇ ಸಲ ಗೊರಗುಟ್ಟುವುದನ್ನು ನಿಲ್ಲಿಸಿದವು. ಭಾಗಮ್ಮ ಸೊಪ್ಪಿನ ಬುಟ್ಟಿ ಇಳಿಸಿ ನಡುಕೋಣೆಯ ಹಗ್ಗದ ಕಡೆ ತಲೆಯೆತ್ತಿದಳು. ಕಲ್ಲಮ್ಮನವರ ಮಡಿಸೀರೆ ಬಂದು ಕೂತಿತ್ತು, ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

ಸಿಂಗಟಗೆರೆಯ ಷಡಕ್ಷರಿಯ ಚಾಕಿ ಮನೆ ಅದು. ರೇಷ್ಮೆಯ ಮರಿಹುಳಗಳನ್ನು ಎರಡನೇ ಜ್ವರ ಏಳುವ ತನಕ, ಅಂದರೆ ಎರಡನೇ ಸಲ ಪೊರೆ ಬಿಡುವ ತನಕ, ಸಾಕಿ ಸುತ್ತಲಿನ ರೈತರಿಗೆ ಕೊಡುವ ಕೆಲಸ. ಮರಿಹುಳಕ್ಕೆ ಗಾಳಿ ತೇವವಾಗಿರಬೇಕು. ಇಲ್ಲದಿದ್ದರೆ ಸೊಪ್ಪು ಒಣಗುತ್ತದೆ, ಒಣಗಿದ ಸೊಪ್ಪಿಗೆ ಅವು ಬಾಯಿ ಹಾಕುವುದಿಲ್ಲ. ಆ ತೇವಕ್ಕಾಗಿ ಭಾಗಮ್ಮ ವರ್ಷಗಟ್ಟಲೆ ಬಾವಿಯಿಂದ ನೀರು ಹೊತ್ತಿದ್ದಳು, ಗೋಣಿತಾಟು ನೆನೆಸಿ ಗೋಡೆಗೆ ಕಟ್ಟಿದ್ದಳು. ಸೊಂಟ ಹೋಗಿತ್ತು. ಎಂಬತ್ತನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಕರೆಂಟಿನ ಹಬೆಪೆಟ್ಟಿಗೆ ಬಂದಾಗ ಅವಳಷ್ಟು ಖುಷಿಪಟ್ಟವರು ಬೇರೆ ಯಾರೂ ಇರಲಿಲ್ಲ.

ಕಡೂರಿನಿಂದ ಬಂದು ಕೂಡಿಸಿದ ಮೆಕ್ಯಾನಿಕ್ ಲಕ್ಕಣ್ಣ ಎಲ್ಲರೆದುರೇ ಬಿಡಿಸಿ ಹೇಳಿದ್ದ. ಪೆಟ್ಟಿಗೆ ಮೂರಾದರೂ ಅವನ್ನು ಆಡಿಸುವ ಕಂಟ್ರೋಲು ಒಂದೇ, ಮೂರು ಕೋಣೆಗಳ ವೈರೂ ಸೇರುವ ನಡುಕೋಣೆಯ ಗೋಡೆಯಲ್ಲಿ. ಅದಕ್ಕೆ ತನ್ನ ಪಕ್ಕದ ಗಾಳಿ ಬಿಟ್ಟರೆ ಬೇರೇನೂ ತಿಳಿಯದು. ಅಲ್ಲಿ ತೇವ ಸಾಕೆನಿಸಿದರೆ ಮೂರನ್ನೂ ನಿಲ್ಲಿಸಿಬಿಡುತ್ತದೆ.

"ಅದರ ಹತ್ರ ಒದ್ದೆ ಬಟ್ಟೆ ಗಿಟ್ಟೆ ಹಾಕ್ಬೇಡಿ ಕಣ್ರೀ. ಮನೆಯೆಲ್ಲಾ ನೆಂದದೆ ಅಂದ್ಕಂಡ್ಬಿಡ್ತದೆ."

ಆದರೆ ಷಡಕ್ಷರಿಯ ತಾಯಿ ಕಲ್ಲಮ್ಮನವರು ಮದುವೆಯಾಗಿ ಬಂದಾಗಿನಿಂದ ಅವರ ಮಡಿಸೀರೆ ಒಣಗುವುದು ಈಗ ಕಂಟ್ರೋಲಿನ ಪಕ್ಕಕ್ಕೇ ಬಿದ್ದ ಆ ಹಗ್ಗದ ಮೇಲೆಯೇ. ಸ್ನಾನ ಮುಗಿಸಿ, ಹಿಂಡಿ, ಕೋಲಿನಿಂದ ಎತ್ತಿ ಹಾಕಿದರೆ ಮರುದಿನದ ಪೂಜೆಯ ತನಕ ಯಾರೂ ಮುಟ್ಟುವಂತಿಲ್ಲ. ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಅದು ಸಂಜೆಯಾದರೂ ಒಣಗದು. ಕೈಕಾಲು ತೊಳೆಯದೆ ಯಾರೂ ಕಾಲಿಡದ ಜಾಗ ಇದೊಂದೇ ಎಂದು ಅವರ ವಾದ. ಷಡಕ್ಷರಿ ಒಮ್ಮೆ ಬಾಯಿ ತೆರೆದಿದ್ದ. ಹುಳಕ್ಕಿಂತ ನಾನು ಕಡೆಯಾದೆನೇ ಎಂದು ಅವರು ಊಟ ಬಿಟ್ಟರು. ಅಲ್ಲಿಗೆ ಮುಗಿಯಿತು.

ಅವತ್ತು ಪೆಟ್ಟಿಗೆಗಳು ನಿಂತ ಮೇಲೆ ಷಡಕ್ಷರಿ ಬಂದು ಅಂಚಿನ ಕೋಣೆಯ ತಟ್ಟೆಯಿಂದ ಒಂದೆಲೆ ಎತ್ತಿ ಹಿಸುಕಿದ. ಹಪ್ಪಳದಂತೆ ಪುಡಿಯಾಯಿತು. ನಾಳೆ ಲಕ್ಕಣ್ಣ ಬಂದು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಕೊಂಡು ಹೋಗುತ್ತಾನೆ ಎಂದ.

"ಮೊದಲಿನಂಗೇ ಗೋಣಿತಾಟು ಕಟ್ಬಿಡು ಭಾಗಮ್ಮ. ಅವ್ವಂಗೆ ಹೇಳೋರ್ಯಾರು."

ಅವನು ಹೋದ ಮೇಲೆ ಭಾಗಮ್ಮ ಮೂಲೆಯ ಕೊಡ ಎತ್ತಿದಳು. ಖಾಲಿ ಕೊಡಕ್ಕೇ ಸೊಂಟ ಹಿಡಿಯಿತು. ಕೆಳಗಿಟ್ಟಳು. ಹುಳ ಮುಟ್ಟಬಹುದಿತ್ತು, ದಿನವೂ ಮುಟ್ಟುತ್ತಿದ್ದಳು. ಸೀರೆ ಮುಟ್ಟುವಂತಿರಲಿಲ್ಲ. ಅವಳ ಕೇರಿಯವರು ಯಾರೂ ಮುಟ್ಟುವಂತಿರಲಿಲ್ಲ. ಸ್ವಲ್ಪ ಹೊತ್ತು ನಿಂತು, ಅಂಚು ಹಿಡಿದು ಎಳೆದಳು. ಸೀರೆ ತಣ್ಣಗೆ ಅವಳ ತೋಳ ಮೇಲೆ ಬಿತ್ತು.

ಕಲ್ಲಮ್ಮನವರು ಜಗಲಿಯಲ್ಲಿ ದೀಪದ ಬತ್ತಿ ಹೊಸೆಯುತ್ತಿದ್ದರು.

"ಏನೇ ಅದು ಕೈಲಿ?"

"ನಿಮ್ಮ ಸೀರೆ ಅಮ್ಮಾರೆ. ನನ್ ಕೈಲಿ ಇನ್ನು ನೀರು ಹೊರಕ್ಕಾಗಕಿಲ್ಲ."

ಅವರ ಬೆರಳು ನಿಂತಿತು. "ಕೋಲಿತ್ತಲ್ಲೇ. ಕೋಲಲ್ಲಾದ್ರೂ ತೆಗೀಬಾರ್ದಿತ್ತಾ?"

"ಕೋಲೂ ನಿಮ್ದೇ ಅಲ್ವಾ ಅಮ್ಮಾರೆ."

ಕಲ್ಲಮ್ಮ ಅವಳ ಮುಖ ನೋಡಿದರು, ಸೊಂಟಕ್ಕೆ ಕೊಟ್ಟುಕೊಂಡಿದ್ದ ಎಡಗೈ ನೋಡಿದರು. ಒಳಗೆ ಒಂದು ಪೆಟ್ಟಿಗೆ ಗೊರಗುಟ್ಟಿತು, ಹಿಂದೆಯೇ ಉಳಿದೆರಡೂ. ಅವರು ಒಗೆಯುವ ಕಲ್ಲಿನ ಕಡೆ ಗದ್ದದಿಂದ ತೋರಿಸಿದರು.

"ಅಲ್ಲಿ ಹಾಕೋಗು."

ಭಾಗಮ್ಮ ಸೀರೆ ಇಟ್ಟು ಬಂದು, ಕೈಕಾಲು ತೊಳೆದು, ಅಂಚಿನ ಕೋಣೆಯಲ್ಲಿ ಹೊಸ ಸೊಪ್ಪು ಹರಡಿದಳು. ಹೊರಗೆ ರಾಟೆ ಕಿರುಗುಟ್ಟಿತು. ಕಿಟಕಿಯ ಜಾಲರಿಯಿಂದ ಕಂಡಿತು: ಕಲ್ಲಮ್ಮ ತಾವೇ ನೀರು ಸೇದುತ್ತಿದ್ದರು, ಒಂದೊಂದು ಎಳೆತಕ್ಕೂ ನಿಂತು ಉಸಿರು ತೆಗೆದುಕೊಳ್ಳುತ್ತ. ಸೀರೆ ನೆನೆಸಿದರು, ಹಿಂಡಿದರು. ಆಮೇಲೆ ಅದನ್ನು ಹೆಗಲ ಮೇಲೆ ಹಾಕಿಕೊಂಡು, ಎಲ್ಲಿ ಹರವುವುದೆಂದು ತಿಳಿಯದೆ, ಅಂಗಳದ ಬಿಸಿಲಲ್ಲಿ ನಿಂತಿದ್ದರು.