ಪಿಚರ್ ಕಿವಿಯ ಓಲೆ

ಭಾನುವಾರ ಬಂತೆಂದರೆ ಲಿಫ್ಟ್ ರಿಪೇರಿಯವನು ಸಾಫ್ಟ್‌ಬಾಲ್ ಅಂಪೈರ್ ಆಗುತ್ತಿದ್ದ. ಆಟಕ್ಕೆ ಮೊದಲು ಎರಡೂ ತಂಡದ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಕಿವಿ, ಕತ್ತು, ಬೆರಳು ನೋಡುವುದು ಅವನ ಕೆಲಸ. ಒಡವೆ ಹಾಕಿಕೊಂಡು ಆಡುವಂತಿಲ್ಲ. ಬೇರೆ ಅಂಪೈರುಗಳು ‘ಬಿಚ್ಚಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ಇವನು ಮಾತ್ರ ಬಿಚ್ಚಿದ್ದನ್ನೆಲ್ಲ ಚೀಟಿ ಬರೆದು, ಪುಟ್ಟ ಪೊಟ್ಟಣ ಕಟ್ಟಿ, ಸೊಂಟದ ಚೀಲದಲ್ಲಿಟ್ಟುಕೊಂಡು ಆಟ ಮುಗಿದ ಮೇಲೆ ಹಿಂದಿರುಗಿಸುತ್ತಿದ್ದ. ಹನ್ನೊಂದು ವರ್ಷದಲ್ಲಿ ಒಂದು ಉಂಗುರವೂ ಕಳೆದಿರಲಿಲ್ಲ. ಎಲ್ಲರೂ ಕಣ್ಣುಮುಚ್ಚಿ ಕೊಡುತ್ತಿದ್ದರು.

ಹೆಂಡತಿ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನು ಅತ್ತಿರಲಿಲ್ಲ. ಅಳು ಬರಲಿಲ್ಲ, ಅಷ್ಟೆ. ಬರಲಿ ಎಂದು ಕಾದೂ ನೋಡಿದ್ದ. ಎರಡನೇ ವಾರಕ್ಕೇ ಅವಳ ಬಟ್ಟೆ, ಚಪ್ಪಲಿ, ಕನ್ನಡಕ, ಹೊಲಿಗೆ ಮಷೀನು ಎಲ್ಲವನ್ನೂ ಕೇಳಿದವರಿಗೂ ಕೇಳದವರಿಗೂ ಕೊಟ್ಟು ಕಪಾಟು ಒರೆಸಿಟ್ಟ. ಮಗಳು ಕೆಲಸ ಮುಗಿಸಿ ಬಂದು ಖಾಲಿ ಕಪಾಟಿನ ಮುಂದೆ ನಿಂತಳು. ಅವಳಿಗೆ ಉಳಿದದ್ದು ಅಮ್ಮನ ಓಲೆ ಎರಡೇ. ಅದೂ ಅಂದು ತಾನೇ ಹಾಕಿಕೊಂಡು ಹೋಗಿದ್ದರಿಂದ.

ಈ ಭಾನುವಾರ ಸಾಲಿನ ಕೊನೆಯಲ್ಲಿ ಮಗಳು, ಒಂದು ತಂಡದ ಚೆಂಡೆಸೆಯುವ ಪಿಚರ್. ಅವಳ ತಂಡದಿಂದ ಸರಿಯಾಗಿ ಒಂಬತ್ತೇ ಜನ ಬಂದಿದ್ದರು. ಒಬ್ಬಳು ಕಡಿಮೆಯಾದರೆ ಆಡದೆಯೇ ಸೋಲು.

“ಓಲೆ ಬಿಚ್ಚು,” ಎಂದ.

“ಟೇಪ್ ಅಂಟಿಸ್ಕೊಳ್ತೀನಿ.”

“ಆಗಲ್ಲ. ಎಲ್ಲರಿಗೂ ಒಂದೇ ರೂಲು.”

ಸ್ವಂತ ಮಗಳೆಂಬ ಮುಲಾಜೂ ಇಲ್ಲವಲ್ಲ ಈ ಮನುಷ್ಯನಿಗೆ ಎಂದು ಹಿಂದೆ ಯಾರೋ ಗೊಣಗಿದರು. ಅವನು ಚೀಟಿಯ ಮೇಲೆ ‘ಮಗಳು’ ಎಂದು ಬರೆದು ಕೈ ಚಾಚಿದ.

ಅವಳು ಓಲೆ ಬಿಚ್ಚಿದಳು. ಅವನ ಕೈಗೆ ಹಾಕಲಿಲ್ಲ.

“ನಿನ್ ಹತ್ರ ಕೊಡಲ್ಲಪ್ಪ. ನೀನು ಯಾರಿಗಾದ್ರೂ ಕೊಟ್ಬಿಡ್ತೀಯ.”

ಸಿಟ್ಟಿನಿಂದಲ್ಲ, ಬಸ್ಸಿನ ಹೊತ್ತು ಹೇಳುವಷ್ಟು ಸಲೀಸಾಗಿ ಹೇಳಿದಳು. ಆಮೇಲೆ ಮೈದಾನ ದಾಟಿ ಎದುರು ತಂಡದ ಕೋಚ್ ಹತ್ತಿರ ಹೋದಳು. ಆ ಹೆಂಗಸನ್ನು ಅವಳು ನೋಡಿದ್ದೇ ಅಂದು ಮೊದಲು.

“ಅಕ್ಕ, ಇದನ್ನ ಸ್ವಲ್ಪ ಇಟ್ಕೊಂಡಿರ್ತೀರಾ? ನಮ್ಮಮ್ಮಂದು.”

ಕೋಚ್ ಓಲೆಗಳನ್ನು ಕರ್ಚೀಫಿನಲ್ಲಿ ಗಂಟು ಹಾಕಿಕೊಂಡಳು.

ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ. ಮಗಳು ಪಿಚರ್ ಜಾಗಕ್ಕೆ ಹೋಗಿ ನಿಂತು ಅವನ ಕಡೆ ನೋಡಿದಳು. ‘ಯಾರಿಗೂ ಕೊಡಲ್ಲ ಕಣಮ್ಮ, ಜೋಪಾನವಾಗಿ ಇಟ್ಕೊಳ್ತೀನಿ’ ಎಂದು ಕೂಗಿ ಹೇಳಬೇಕೆನ್ನಿಸಿತು ಅವನಿಗೆ. ಆದರೆ ಆ ಮಾತಿಗೆ ಅವನ ಹತ್ತಿರವೇ ಖಾತ್ರಿ ಇರಲಿಲ್ಲ. ಮುಖದ ಜಾಲರಿ ಎಳೆದುಕೊಂಡು ಆಟ ಶುರು ಎಂದು ಕೂಗಿದ.